ಗುಡುಗಣ್ಣನ ನಿಲ್ಲದ ಬಸ್ಸು

ಬಾಯಿ ತೆರೆದರೆ ಕಿಟಕಿ ಗಾಜು ಅದುರುತ್ತದೆ ಎಂದು ಆ ಬಸ್ ಡ್ರೈವರಿಗೆ ಗುಡುಗಣ್ಣ ಎಂಬ ಹೆಸರು ಬಿದ್ದಿತ್ತು. ಹೆಂಡತಿಯ ಎದುರು ಮಾತ್ರ ಗುಡುಗು ತುಂತುರಾಗುತ್ತಿತ್ತು, ಆ ಮಾತು ಬೇರೆ. ಮೂತ್ರಕೋಶದಲ್ಲಿ ಗಡ್ಡೆ ಬೆಳೆದು ಕೋಶವನ್ನೇ ತೆಗೆಯಬೇಕಾಗಿ ಬಂದಾಗ, ಡಾಕ್ಟರಮ್ಮ ಅವನದೇ ಕರುಳಿನ ಒಂದು ತುಂಡಿನಿಂದ ಮೂತ್ರಕ್ಕೆ ಹೊಸ ದಾರಿ ಮಾಡಿ, ಹೊಟ್ಟೆಯ ಬಲಗಡೆ ಬಾಯಿ ತೆರೆದು, ಮೇಲೊಂದು ಚೀಲ ಅಂಟಿಸಿದರು. ಇನ್ನು ಇರುವಷ್ಟು ದಿನ ಹೀಗೇ.

ಮನೆಯಲ್ಲಿ ಮೋರೆ ಜೋಲು ಹಾಕಿಕೊಂಡು ಕೂತಿದ್ದ ಗುಡುಗಣ್ಣ, ಮತ್ತೆ ಸ್ಟೇರಿಂಗ್ ಹಿಡಿದ ದಿನ ಹಿರಿಹಿರಿ ಹಿಗ್ಗಿದ. ಮೂತ್ರದ ಅವಸರವೆಂಬುದೇ ಇಲ್ಲ! ನೀರು ಕುಡಿಯದಿದ್ದರೆ ಚೀಲವೂ ತುಂಬುವುದಿಲ್ಲ. ಸರಿ, ಬಸ್ಸು ಹೊರಟಿತೆಂದರೆ ಹೊರಟಿತು. ದಾರಿಯ ಹೋಟೆಲು, ಪೊದೆ, ಪಾಳುಗೋಡೆ ಎಲ್ಲವೂ ಸರ್ರನೆ ಹಿಂದೆ ಸರಿದವು.

ಹಿಂದೆ ಕೂತವರ ಪಾಡು ಕೇಳುವುದೇ ಬೇಡ. ಕಾಲ ಮೇಲೆ ಕಾಲು ಹಾಕಿದವರು ಅದನ್ನು ಇಳಿಸುವ ಧೈರ್ಯ ಮಾಡಲಿಲ್ಲ. ಒಬ್ಬ ಮೇಷ್ಟ್ರು ಕಣ್ಣು ಮುಚ್ಚಿ ಮಗ್ಗಿ ಹೇಳಿಕೊಳ್ಳತೊಡಗಿದರು. ಕೊನೆಗೆ ಒಬ್ಬ ಅಜ್ಜಿ ಕಂಬ ಹಿಡಿದುಕೊಂಡು ಡ್ರೈವರನ ಪಕ್ಕಕ್ಕೇ ಬಂದಳು.

"ಏನಪ್ಪಾ, ನೀನು ಮನುಷ್ಯನೋ ಮರದ ಬೊಂಬೆಯೋ? ಈಗ ನಿಲ್ಲಿಸ್ತೀಯೋ, ಇಲ್ಲಾ ಇಲ್ಲೇ..."

ಬಸ್ಸು ಕಿರ್ರೆಂದು ನಿಂತಿತು.

ಕಂಡಕ್ಟರು ಬೇರೆ ಯಾರೂ ಅಲ್ಲ, ಹೆಂಡತಿಯ ತಮ್ಮ. "ಅಕ್ಕಾ, ಭಾವ ನೀರೇ ಮುಟ್ಟಲ್ಲ" ಎಂದು ಅಂದೇ ಊದಿದ. ಅಕ್ಕ ಗಂಡನನ್ನು ಎಳೆದುಕೊಂಡು ಆಸ್ಪತ್ರೆಗೆ ಹೋದಳು. ಹೊಸ ದಾರಿ ಎಲ್ಲೂ ಕಟ್ಟಿಕೊಂಡಿಲ್ಲ ಎಂದು ಸ್ಕ್ಯಾನು ಹೇಳಿತು. ಆದರೆ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು. ಕಿಡ್ನಿಗಳು ಸುಸ್ತಾಗಿವೆ ಎಂದರ್ಥ.

"ನೀರು ಎಷ್ಟು ಕುಡೀತೀರಿ?" ಡಾಕ್ಟರಮ್ಮ ಕೇಳಿದರು.

"ಬಾಯಿ ಮುಕ್ಕಳಿಸೋದು ಲೆಕ್ಕಕ್ಕೆ ಬರುತ್ತಾ ಮೇಡಂ?"

"ಚೀಲ ಬಂದ ಮಾತ್ರಕ್ಕೆ ಕಿಡ್ನಿಗೆ ಕೆಲಸ ತಪ್ಪಲ್ಲ ರೀ. ನೀರು ಸಾಲದಿದ್ರೆ ಅವು ಒಣಗ್ತವೆ, ಸೋಂಕೂ ಹತ್ತುತ್ತೆ."

"ಅಂದ್ರೆ ರೇಡಿಯೇಟರ್ ಇದ್ದ ಹಾಗೆ."

"ರೇಡಿಯೇಟರ್ ಗ್ಯಾರೇಜಲ್ಲಿ ಸಿಗುತ್ತೆ. ಕುಡೀರಿ. ಚೀಲ ಅರ್ಧ ಆಗೋದ್ರೊಳಗೆ ಖಾಲಿ ಮಾಡಿ."

ಹೊರಗೆ ಬರುತ್ತಲೇ ಗುಡುಗಣ್ಣ ರಕ್ತ ಪರೀಕ್ಷೆಯ ಚೀಟಿಯನ್ನು ಮತ್ತೆ ಮತ್ತೆ ಓದಿದ. ಅಷ್ಟು ದೊಡ್ಡ ಆಪರೇಷನ್ ಗೆದ್ದು ಬಂದವನು ಒಂದು ಲೋಟ ನೀರಿಗೆ ಸೋಲುವುದೇ?

ಕಂಡಕ್ಟರನ ಬಾಯಿಗೆ ಬೀಗವಿಲ್ಲ, ಬಸ್ಸಿಗೆಲ್ಲ ಸುದ್ದಿ ಗೊತ್ತಾಯಿತು. ಭಾವನಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಆದರೆ ಜನ ನಗಲಿಲ್ಲ. ಡ್ರೈವರ್ ನೀರು ಕುಡಿದಷ್ಟೂ ಚೀಲ ಖಾಲಿ ಮಾಡಲು ಬಸ್ಸು ನಿಲ್ಲುತ್ತದೆಂಬ ಸುಲಭ ಲೆಕ್ಕ ಅವರಿಗೆ ಹೊಳೆದಿತ್ತು. ಸಿಗ್ನಲ್ ಬಿದ್ದರೆ ಸಾಕು, ಹಿಂದಿನ ಸೀಟಿನಿಂದ ಬಾಟಲಿಗಳು ಕೈಯಿಂದ ಕೈಗೆ ದಾಟಿ ಮುಂದೆ ಬರುತ್ತಿದ್ದವು.

"ಅಣ್ಣಾ, ಇನ್ನೊಂದು ಗುಟುಕು!"

"ನಾನೇನು ಕೊಳಾನಾ?" ಎಂದು ರೇಗುತ್ತಲೇ ಅವನು ಗಟಗಟ ಕುಡಿದ.

ಮುಂದಿನ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಇಳಿದಿತ್ತು. "ಆದರೆ ತಪಾಸಣೆ ಮಾತ್ರ ಬಿಡಬೇಡಿ" ಎಂದು ಡಾಕ್ಟರಮ್ಮ ಎಚ್ಚರಿಸಿದರು. ಗುಡುಗಣ್ಣ ಕಿಡ್ನಿಯ ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು, "ಎಷ್ಟು ಲಕ್ಷಣವಾಗಿವೆ ನೋಡೇ! ಬಸ್ಸಲ್ಲಿ ಅಂಟಿಸ್ತೀನಿ" ಎಂದ.

"ಇಷ್ಟು ವರ್ಷದಲ್ಲಿ ನನ್ನ ಫೋಟೋ ಒಂದು ದಿನ ಅಂಟಿಸಿದ್ರಾ?" ಎಂದಳು ಹೆಂಡತಿ.

ಮರುದಿನ ಸ್ಟೇರಿಂಗಿನ ಮುಂದೆ ಅವಳ ಫೋಟೋ ಬಂತು. ಅದರಲ್ಲಿ ಅವಳು ದುರುಗುಟ್ಟಿಕೊಂಡು ನೋಡುತ್ತಿದ್ದಳು. ಗುಡುಗಣ್ಣ ಗೇರು ಹಾಕುವ ಮೊದಲೇ ಬಾಟಲಿ ಎತ್ತಿದ.