ಇದು ಯಾವುದರಿಂದ ಬಂತು

ಸ್ನಾನ ಮಾಡುವಾಗ ಎಡಗಡೆಯ ಎದೆಯಲ್ಲಿ ಕೈಗೆ ಗಂಟು ಸಿಕ್ಕಿತು. ಹುಣಸೆ ಬೀಜದಷ್ಟು. ನೋವಿರಲಿಲ್ಲ. ನೋವಿಲ್ಲದ್ದನ್ನು ಯಾರಿಗೆ ಏನೆಂದು ಹೇಳುವುದು ಎಂದು ಸುಮ್ಮನಾದೆ. ಬೇಸಿಗೆ ಕಳೆಯುವ ಹೊತ್ತಿಗೆ ಅದು ನೆಲ್ಲಿಕಾಯಿಯಷ್ಟಾಗಿತ್ತು. ಆಗ ಯಜಮಾನರಿಗೆ ಹೇಳಿದೆ. ಅಜ್ಜಂಪುರದಲ್ಲಿ ಅವರದು ಬಟ್ಟೆ ಅಂಗಡಿ. ಅವತ್ತೇ ಬಾಗಿಲು ಹಾಕಿ ತರೀಕೆರೆಯ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ಅಲ್ಲಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಬಯಾಪ್ಸಿ ಆಯಿತು.

ಕ್ಯಾನ್ಸರ್.

ಆಪರೇಷನ್ ಮಾಡಿ ಆ ಕಡೆಯ ಮೊಲೆಯನ್ನು ಪೂರ್ತಿ ತೆಗೆದರು. ಆಮೇಲೆ ರೇಡಿಯೇಷನ್. ವಾರ್ಡಿನವರೆಲ್ಲ ಅದನ್ನು ಕರೆಂಟು ಕೊಡೋದು ಅನ್ನುತ್ತಿದ್ದರು. ಚರ್ಮ ಸುಟ್ಟು ಕಪ್ಪಾಯಿತು.

ಊರಿಗೆ ಬಂದ ಮೇಲೆ, ನೋಡಲು ಬಂದವರೆಲ್ಲ ಒಂದೊಂದು ಕಾರಣ ಹೇಳಿದರು. ಮಗುವಿಗೆ ಬೇಗ ಹಾಲು ಬಿಡಿಸಿದ್ದಕ್ಕೇ ಹೀಗಾಯಿತು ಎಂದರು ಅತ್ತೆ. ಪಕ್ಕದ ಮನೆಯಾಕೆ, ಬದನೆಕಾಯಿ ನಂಜು ಎಂದಳು. ನನಗೆ ಮಾತ್ರ ತವರಿನಲ್ಲಿ ಭತ್ತ ಕುಟ್ಟುವಾಗ ಎದೆಗೆ ಒನಕೆ ತಗುಲಿದ್ದು ನೆನಪಾಗುತ್ತಿತ್ತು. ತರೀಕೆರೆಯ ಡಾಕ್ಟರನ್ನು ಕೇಳಿದೆ.

"ಇಂಥದ್ರಿಂದಲೇ ಅಂತ ಹೇಳೋಕಾಗಲ್ಲಮ್ಮ. ಹೊಗೆಸೊಪ್ಪು ಬಿಡಿ. ಚೆನ್ನಾಗಿ ಊಟ ಮಾಡಿ, ನಡೀರಿ. ಕೈಗೆ ವ್ಯಾಯಾಮ ಕೊಡಿ."

ಯಾವುದು ನಿಜ? ತಿಳಿಯದೆ ಎಲ್ಲವನ್ನೂ ಮಾಡಿದೆ. ಎಲೆಯಡಿಕೆಯ ಜೊತೆ ಹಾಕಿಕೊಳ್ಳುತ್ತಿದ್ದ ಹೊಗೆಸೊಪ್ಪು ಬಿಟ್ಟೆ. ಬದನೆಕಾಯಿಯನ್ನೂ ಬಿಟ್ಟೆ. ಎಡಗೈ ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸಿ ಹತ್ತಿಸಿ, ಕೊನೆಗೆ ತಲೆ ಬಾಚಿಕೊಳ್ಳುವಷ್ಟಾದೆ. ಸಂಜೆ ರೈಲ್ವೆ ಸ್ಟೇಷನ್ ತನಕ ನಡೆಯುತ್ತಿದ್ದೆ. ಯಾವುದರಿಂದ ಗುಣವಾಗುತ್ತಿದೆ ಎಂದು ಗೊತ್ತಿಲ್ಲದ್ದರಿಂದ ಒಂದನ್ನೂ ಕೈಬಿಡಲು ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಶಿವನಿಯಿಂದ ತಂಗಿ ಗಿರಿಜ ಬಂದಳು. ಅಡುಗೆಮನೆಯಲ್ಲಿ ಯಾರೂ ಇಲ್ಲದಾಗ ಹೇಳಿದಳು.

"ಅಕ್ಕಾ, ನಂಗೂ ಒಂದು ಗಂಟು ಐತೆ ಕಣೇ."

"ಯಾವಾಗಿಂದ?"

"ಸುಗ್ಗಿಯಿಂದ. ನಿನ್ ಪಾಡು ನೋಡಿ ಹೇಳಾಕೆ ಬಾಯೇ ಬರ್ಲಿಲ್ಲ."

ಒಲೆಯ ಮೇಲಿನ ಪಾತ್ರೆ ಇಳಿಸಿ ಅವಳ ಕೈ ಹಿಡಿದೆ.

"ನಾಳೆ ಮೊದಲ್ನೇ ಬಸ್ಸಿಗೇ ತರೀಕೆರೆಗೆ ಹೋಗಾನ. ನಾನೂ ಬತ್ತೀನಿ."

ಅಲ್ಲಿ ಗಂಟು ತೆಗೆದು ಪರೀಕ್ಷೆಗೆ ಕಳಿಸಿದರು. ರಿಪೋರ್ಟ್ ಬರುವ ತನಕ ಗಿರಿಜ ನಮ್ಮ ಮನೆಯಲ್ಲೇ ಉಳಿದಳು. ಕೊನೆಗೆ ಡಾಕ್ಟರು ಇಬ್ಬರನ್ನೂ ಒಳಗೆ ಕರೆದರು.

"ಬರೀ ಗಂಟು ಕಣಮ್ಮ. ಕ್ಯಾನ್ಸರ್ ಅಲ್ಲ."

ಗಿರಿಜ ಹೊರಗೆ ಬಂದು ಬೆಂಚಿನ ಮೇಲೆ ಕುಳಿತು ಅತ್ತಳು. ನಾನೂ ಅತ್ತೆ. ಸಂತೋಷಕ್ಕೇ. ಆದರೆ ಅದರೊಳಗೆ ಇನ್ನೇನೋ ಇತ್ತು, ಅದಕ್ಕೆ ಹೆಸರಿಡಲು ಈಗಲೂ ಬರುತ್ತಿಲ್ಲ. ಒಂದೇ ತಾಯಿಯ ಹಾಲು ಕುಡಿದವರು, ಒಂದೇ ಒಲೆಯ ಅನ್ನ ಉಂಡವರು, ಒಂದೇ ಒರಳಿನಲ್ಲಿ ಕುಟ್ಟಿದವರು ನಾವು. ಅವಳಿಗೆ ಬರಲಿಲ್ಲ. ನನಗೆ ಬಂತು. ಇದಕ್ಕೆ ಅತ್ತೆಯ ಬಳಿಯೂ ಉತ್ತರವಿಲ್ಲ, ಡಾಕ್ಟರ ಬಳಿಯೂ ಇಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಎಡಭುಜಕ್ಕೆ ಒರಗಿ ನಿದ್ದೆ ಹೋದಳು. ಆಪರೇಷನ್ ಆದಂದಿನಿಂದ ಆ ಕಡೆಗೆ ಯಾರನ್ನೂ ಸೋಕಲು ಬಿಟ್ಟಿರಲಿಲ್ಲ. ಸ್ವಲ್ಪ ನೋಯುತ್ತಿತ್ತು. ಅಜ್ಜಂಪುರ ಬರುವವರೆಗೂ ಅಲುಗಾಡದೆ ಕುಳಿತಿದ್ದೆ.