ಬುತ್ತಿಯಲ್ಲಿ ಉಳಿಸಿದ ರೊಟ್ಟಿ

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ಬೀದರಿನ ಕಚೇರಿಗಳ ಮುಂದೆ ಹಸಿ ಬಣ್ಣದ ವಾಸನೆ ಇರುತ್ತಿತ್ತು. ಉರ್ದು ಹಲಗೆಗಳನ್ನು ಇಳಿಸಿ ಕನ್ನಡ ಹಲಗೆಗಳನ್ನು ಏರಿಸುತ್ತಿದ್ದರು. ನಾನು ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ಬಂದು ಬೀದರಿನ ಒಂದು ಸಾಲೆಯಲ್ಲಿ ಮಾಸ್ತರನಾಗಿದ್ದೆ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲೇ ಇದ್ದ ಗೆಳೆಯ ಔರಾದದಲ್ಲಿ ಸರ್ಕಾರಿ ಗುಮಾಸ್ತ. ಅವನ ಮನೆ ಭಾಲ್ಕಿಯಲ್ಲಿ. ಮನೆ ಎಂದರೆ ಅಕ್ಕ, ಅಷ್ಟೇ. ಅವನು ಚಿಕ್ಕವನಿದ್ದಾಗಲೇ ತಂದೆತಾಯಿ ಹೋಗಿದ್ದರು. ಗಂಡ ತೀರಿಕೊಂಡ ಮೇಲೆ ಅಕ್ಕನಿಗೂ ಈ ತಮ್ಮನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಅವರಿಬ್ಬರೂ ಹುಟ್ಟಿದ ಹಳ್ಳಿ ಉದಗೀರದ ಕಡೆಯದು. ರಾಜ್ಯಗಳನ್ನು ಹಂಚಿದಾಗ ಅದು ಮುಂಬಯಿಯ ಪಾಲಾಯಿತು. ಅಲ್ಲಿ ಅವರದೆನ್ನುವ ಮನೆ ಬಿದ್ದುಹೋಗಿ ಎಷ್ಟೋ ಕಾಲವಾಗಿತ್ತು. ಗೋಡೆಗಳಿಲ್ಲದ ಹಿತ್ತಲಿನಲ್ಲಿ ಒಂದು ಹುಣಸೆಮರ ಉಳಿದಿತ್ತು. ಅದರ ಬುಡದಲ್ಲೇ ತಂದೆತಾಯಿಯರನ್ನು ಮಣ್ಣು ಮಾಡಿದ್ದರು.

“ಇಷ್ಟ್ ದಿನ ನಮ್ಮೂರಿಗಿ ನಾವು ಹೋಗಲಿಲ್ಲ. ಈಗ ಊರೇ ನಮ್ಮನ್ನ ಬಿಟ್ಟು ಹೋತು ನೋಡ್ ಮಾಸ್ತರ,” ಎಂದಿದ್ದಳು ಅಕ್ಕ. ಆಮೇಲೆ ಆ ಮಾತನ್ನು ಅವಳು ಎತ್ತಲಿಲ್ಲ. ಆದರೆ ಅವಳ ತಮ್ಮ ಅದನ್ನು ಒಳಗೆ ಇಟ್ಟುಕೊಂಡು ತಿರುಗಾಡುತ್ತಿದ್ದ.

ಅದೇ ಚಳಿಗಾಲ ಅವನಿಗೆ ವರ್ಗದ ಸುದ್ದಿ ಬಂತು. ಹೊಸ ರಾಜ್ಯದ ದಕ್ಷಿಣದ ತುದಿ. ರೈಲು ಬದಲಿಸಿ ಬದಲಿಸಿ ಹೋಗಬೇಕಾದ ಊರು. ಹೋಗುವ ಮುಂಚೆ ಒಂದು ಗುಡ್ಡ ಏರಬೇಕೆಂದು ಅವನು ಹಟ ಹಿಡಿದ. ಎಕಂಬಾದ ಆಚೆ, ಗಡಿಯ ಹತ್ತಿರ ಇರುವ ಗುಡ್ಡ. ಕಚೇರಿಯ ಕೆಲಸಕ್ಕೆ ಆ ಕಡೆ ಬಂಡಿಯಲ್ಲಿ ಹೋದಾಗಲೆಲ್ಲ ಅವನ ಕಣ್ಣು ಅದರ ಮೇಲೆಯೇ. ಅದಕ್ಕೆ ಇದ್ದ ಒಂದೇ ಕಾಲುದಾರಿ ಅರ್ಧದಲ್ಲಿ, ಕುರುಬರು ಪೂಜಿಸುವ ಕಲ್ಲಿನ ಹತ್ತಿರ ಮುಗಿಯುತ್ತಿತ್ತು. ಅಲ್ಲಿಂದ ಮೇಲಕ್ಕೆ ಗೋಡೆಯಂಥ ಕೆಂಪು ಬಂಡೆ. ನೆತ್ತಿಗೆ ಹೋಗಬೇಕೆಂದರೆ ಹಿಂದಿನ ಮಗ್ಗುಲಿನಿಂದ, ದಾರಿಯೇ ಇಲ್ಲದ ಕಡೆಯಿಂದ ಏರಬೇಕು. ನೆತ್ತಿಯಿಂದ ಉದಗೀರದ ಕಡೆಯ ಊರುಗಳು ಅಂಗೈಯಲ್ಲಿಟ್ಟಂತೆ ಕಾಣುತ್ತವೆಂದು ಅವನಿಗೆ ಯಾರೋ ಹೇಳಿದ್ದರು.

ಇದರ ಮಾತುಕತೆ ಶುರುವಾದದ್ದು ಬೀದರಿನಲ್ಲಿ, ಊರ ಹೊರಗಿನ ಸುರಂಗಬಾವಿಯ ಗುಪ್ಪೆಯ ಮೇಲೆ ಕುಳಿತು. ಹಿಂದಿನವರು ನೆಲದಡಿ ಸುರಂಗ ಕೊರೆದು ದೂರದ ಒರತೆಯ ನೀರನ್ನು ಊರಿಗೆ ತಂದಿದ್ದರು. ಸುರಂಗದ ಉದ್ದಕ್ಕೂ ಅಲ್ಲಲ್ಲಿ ಬಾವಿಯಂಥ ಬಾಯಿಗಳಿವೆ. ಕೊರೆದ ಕಲ್ಲುಮಣ್ಣು ಬಾಯಿಯ ಸುತ್ತ ಗುಪ್ಪೆಯಾಗಿ ಬಿದ್ದಿರುತ್ತದೆ. ಬಯಲಿನಲ್ಲಿ ಗುಪ್ಪೆಗಳ ಸಾಲು ಕಂಡರೆ ಅಡಿಯಲ್ಲಿ ನೀರು ಇದೆಯೆಂದು ಬೀದರಿನ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಗುಪ್ಪೆಯಿಂದ ಗುಪ್ಪೆಗೆ ಓಡುವುದು, ಬಾಯಿಗೆ ಬಗ್ಗಿ ಒಂದು ಹರಳು ಬಿಡುವುದು, ಕೆಳಗಿನಿಂದ ನೀರಿನ ಸದ್ದು ಬರುವ ತನಕ ಉಸಿರು ಹಿಡಿಯುವುದು, ಇದು ನಮ್ಮ ಆಟ. ನಾವಿಬ್ಬರೂ ಚಿಕ್ಕಂದಿನ ಸಾಲೆ ಕಲಿತದ್ದು ಬೀದರಿನಲ್ಲೇ.

“ಆ ಗುಡ್ಡದಾಗೂ ಇಂಥಾ ಗುಪ್ಪಿ ಅವ ದೋಸ್ತ,” ಎಂದ ಅವನು. “ಹಿಂದಿನ ಮಗ್ಗಲಿಗಿ, ನೆತ್ತಿ ತನಕಾ ಸಾಲಾಗಿ. ಮ್ಯಾಲ ಯಾವಾಗೋ ಪಹರೆ ಇತ್ತು ಕಾಣಸ್ತದ. ಪಹರೆದವ್ರಿಗಿ ನೀರು ಬ್ಯಾಡೇನು?”

ನನಗೂ ಅದು ಸರಿ ಎನಿಸಿತು. ಬೀದರಿನಲ್ಲಿ ಬೆಳೆದ ಯಾರಿಗಾದರೂ ಸರಿ ಎನಿಸುತ್ತಿತ್ತು.

ಆ ವಾರ ಭಾಲ್ಕಿಗೆ ಹೋದೆವು. ಅಕ್ಕ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅವನು ಇದ್ದಿಲಿನ ಚೂರು ತೆಗೆದುಕೊಂಡು ನೆಲದ ಮೇಲೆ ಗುಡ್ಡ ಬರೆಯತೊಡಗಿದ.

“ಈಗರೆ ಸಾರಿಸೀನಿ ನೆಲ! ನಿನ್ನ ಗುಡ್ಡ ಅಂಗಳದಾಗ ಬರಕೋ.”

“ಸ್ವಲ್ಪ ನೋಡಕ್ಕ. ಇದು ಎಕಂಬಾ, ಇದು ಗುಡ್ಡ. ಇಲ್ಲಿಂದ ನಮ್ಮೂರು ಕಾಣಸ್ತದ.”

“ರೈಲ್ ಹತ್ತಿದ್ರ ಉದಗೀರ ಬರ್ತದ. ಗುಡ್ಡ ಏರಿ ನೋಡ್ಲಿಕ್ಕ ನೀ ಏನು ಹದ್ದೇನೋ?”

“ರೈಲಿನ್ಯಾಗ ಕುಂತ್ರ ಬರೀ ಹೊಲ. ಮ್ಯಾಲಿಂದ ನೋಡಬೇಕು, ನಾಡು ಎಲ್ಲಿ ಹರದಾರ ಅಂತ.”

“ಅದೇನು ಧೋತರ ಏನಪಾ, ಹರದದ್ದು ಕಾಣಸ್ಲಿಕ್ಕ?”

ನಾನು ನಕ್ಕೆ. ಅವಳು ಹಿಟ್ಟಿನ ಕೈಯನ್ನು ನನ್ನ ಕಡೆ ತಿರುಗಿಸಿದಳು. “ನೀ ಯಾಕ ನಗ್ತಿ ಮಾಸ್ತರ? ಹುಡುಗ್ರಿಗಿ ಬುದ್ಧಿ ಹೇಳಿ ಪಗಾರ ತಗೋತಿ. ಈ ಕತ್ತೆಗೂ ಎರಡು ಮಾತು ಹೇಳು.”

“ನನ್ನ ಮಾತು ಕೇಳ್ತಾನೇನ್ರಿ ಅಕ್ಕಾ?”

“ಎಲ್ಲಿ ಕೇಳ್ತಾನ! ನೀರಿಂದು ಹ್ಯಾಂಗ? ಅಲ್ಲಿ ಮ್ಯಾಲ ಯಾರು ಕುಡಿಲಿಕ್ಕಿ ಕೊಡ್ತಾರ?”

“ಸುರಂಗಬಾವಿ ಅವ ಅಕ್ಕ. ಒಂದು ಚರಗಿ, ಒಂದು ಹಗ್ಗ ಸಾಕು.”

ಅವಳು ಹೆಂಚಿನ ಮೇಲಿನ ರೊಟ್ಟಿ ತಿರುವಿ, ಒದ್ದೆ ಬಟ್ಟೆಯಿಂದ ಒತ್ತುತ್ತಾ, ನಮ್ಮ ಕಡೆ ನೋಡದೆ ಕೇಳಿದಳು. “ಅಷ್ಟು ದೂರಿಂದ ಹುಣಸಿಮರ ಕಾಣಸ್ತದೇನೋ ತಮ್ಮಾ?”

“ಕಾಣಸ್ತದ. ಕಂಡ್ರ ಬಂದು ಹೇಳ್ತೇನಿ.”

ಅಲ್ಲಿಗೆ ಅಪ್ಪಣೆ ಸಿಕ್ಕಂತಾಯಿತು.

ಹೊರಡುವ ಬೆಳಿಗ್ಗೆ ಅವಳು ಬುತ್ತಿ ಕಟ್ಟಿದಳು. ಒಣಗಿಸಿದ ಕಟಕ ರೊಟ್ಟಿ, ಶೇಂಗಾ ಕುಟ್ಟಿದ ಖಾರದ ಹಿಂಡಿ, ಉಳ್ಳಾಗಡ್ಡಿ. ಅವರ ಮನೆಯಲ್ಲಿ ಒಂದು ನೇಮವಿತ್ತು. ದೂರ ಹೋದವರು ಬುತ್ತಿಯನ್ನು ಖಾಲಿ ಮಾಡಿ ತರಬಾರದು. ಎಷ್ಟೇ ಹಸಿವಾದರೂ ಒಂದು ರೊಟ್ಟಿ ಉಳಿಸಿಕೊಂಡು ಮನೆಗೆ ಬರಬೇಕು. ಆ ರೊಟ್ಟಿಯನ್ನು ಮನೆಯಲ್ಲಿ ಕಾದವರು ತಿನ್ನಬೇಕು. ಹಾಸ್ಟೆಲಿನ ದಿನಗಳಲ್ಲೂ ಅವನು ಹೈದರಾಬಾದಿಗೆ ಒಯ್ದ ಬುತ್ತಿಯಲ್ಲಿ ಒಂದನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಡುತ್ತಿದ್ದ. ರಜೆಗೆ ಮನೆಗೆ ಬರುವಷ್ಟರಲ್ಲಿ ಅದು ಹಲಗೆಯಾಗಿರುತ್ತಿತ್ತು. ಅಕ್ಕ ಅದನ್ನೂ ಸಾರಿನಲ್ಲಿ ನೆನೆಹಾಕಿ ತಿನ್ನುತ್ತಿದ್ದಳಂತೆ. ಬುತ್ತಿಯ ಗಂಟನ್ನು ಅವಳು ನನ್ನ ಹೆಗಲಿಗೆ ಹಾಕಿದಳು. “ಇವನ ಕೈಯಾಗ ಕೊಟ್ರ ಔರಾದ ಬರೂದ್ರೊಳಗ ಖಾಲಿ ಮಾಡ್ತಾನ. ನೀ ಇಟ್ಕೋ.”

ಔರಾದದವರೆಗೆ ಬಸ್ಸು, ಅಲ್ಲಿಂದ ಎಕಂಬಾಕ್ಕೆ ಜೋಳದ ಬಂಡಿ. ರಾತ್ರಿ ಅಲ್ಲೇ ತಂಗಿ, ಮರುದಿನ ನಸುಕಿನಿಂದ ನಡಿಗೆ. ಗುಡ್ಡದ ಹಿಂದಿನ ಮಗ್ಗುಲಿಗೆ ಬಂದಾಗ ಹೊತ್ತು ನೆತ್ತಿಗೆ ಬಂದಿರಲಿಲ್ಲ. ಬಾರಿಮುಳ್ಳು, ಕಾಲಿಟ್ಟಲ್ಲಿ ಜಾರುವ ಕೆಂಪು ಹರಳು. ಅವನು ಮುಂದೆ, ನಾನು ಹಿಂದೆ. ಅವನು ಹಾಡುತ್ತಿದ್ದ, ಏದುಸಿರು ಬಂದಾಗ ನಿಲ್ಲಿಸಿ, ಕಚೇರಿಯ ಹೊಸ ಸಾಹೇಬರ ಮೈಸೂರು ಕನ್ನಡವನ್ನು ಅಣಕಿಸಿ ನನ್ನನ್ನು ನಗಿಸುತ್ತಿದ್ದ. ಅರ್ಧ ಏರಿದ ಮೇಲೆ ಒಂದು ಗಿಡದ ನೆರಳಿನಲ್ಲಿ ಕುಳಿತು ಉಂಡೆವು. ಚರಿಗೆಯ ನೀರು ಅಲ್ಲೇ ಮುಗಿಯಿತು. ಕೊನೆಯ ರೊಟ್ಟಿಯನ್ನು ಅವನೇ ಬಟ್ಟೆಯಲ್ಲಿ ಸುತ್ತಿ ಗಂಟು ಬಿಗಿದು ನನಗೆ ಕೊಟ್ಟ. “ಅಕ್ಕಂದು,” ಎಂದ.

ನೆತ್ತಿ ಇನ್ನೇನು ಮೇಲೆಯೇ ಇತ್ತು. ಅದರ ಕೆಳಗೆ ಸ್ವಲ್ಪ ಸಪಾಟಾದ ಜಾಗ, ಹುಲ್ಲಿಲ್ಲದ ಕೆಂಪು ಕಲ್ಲಿನ ಹಾಸು. ಅದರ ಮೇಲೆ ಸಾಲಾಗಿ ಗುಪ್ಪೆಗಳು. ಅವನು ಕೂಗಿ ಓಡಿದ. ನಾನೂ ಹಿಂದೆ ಓಡಿದೆ, ಮಕ್ಕಳಂತೆ, ಒಂದರಿಂದ ಇನ್ನೊಂದಕ್ಕೆ. ಮೊದಲಿನವುಗಳಲ್ಲಿ ಬಾಯಿ ಇರಲಿಲ್ಲ, ಬರೀ ಕಲ್ಲು. ಮುಂದಿನದರ ಪಕ್ಕದಲ್ಲಿ ಒಂದು ಕಪ್ಪು ತೂತು ಇತ್ತು, ಚರಿಗೆ ಇಳಿಯುವಷ್ಟು. ಅವನು ಗುಪ್ಪೆಯ ಆಚೆಗೆ ದಾಟಿ ಮೊಣಕಾಲೂರಿ ಕುಳಿತ. ಒಂದು ಹರಳು ಆರಿಸಿದ. ತೂತಿನ ಮೇಲೆ ಹಿಡಿದು ನನ್ನ ಕಡೆ ನೋಡಿ, ಬಾಯಿಯ ಮೇಲೆ ಬೆರಳಿಟ್ಟ. ಸುಮ್ಮನಿರು, ಕೇಳು ಎಂದು.

ಹರಳು ಬಿಟ್ಟ.

ನೀರಿನ ಸದ್ದು ಬರಲಿಲ್ಲ. ಯಾವ ಸದ್ದೂ ಬರಲಿಲ್ಲ. ಅವನು ಇನ್ನಷ್ಟು ಬಗ್ಗಿ ಕಿವಿ ಇಟ್ಟ. ಆಗ ಅವನ ಕೆಳಗಿನ ನೆಲ ಮುರಿಯಿತು. ಕಟಕ ರೊಟ್ಟಿ ಮುರಿದಂಥ ಸಣ್ಣ ಸದ್ದು, ಅಷ್ಟೇ. ಅವನ ಬಲಗೈ ಅಂಚನ್ನು ಹಿಡಿಯಿತು. ನಾನು ನೋಡಿದೆ. ಅಂಚೇ ಅವನ ಕೈಯಲ್ಲಿ ಕಿತ್ತು ಬಂತು.

ಎಷ್ಟು ಸಲ ಇದನ್ನು ನೋಡಿದ್ದೇನೋ. ಸಾಲೆಯಲ್ಲಿ ಸೀಮೆಸುಣ್ಣ ಕೈಯಲ್ಲಿ ಮುರಿದಾಗ ನೋಡಿದ್ದೇನೆ. ಮದುವೆಯ ಪಂಕ್ತಿಯಲ್ಲಿ ಪಕ್ಕದವರು ಹಪ್ಪಳ ಮುರಿದಾಗ ನೋಡಿದ್ದೇನೆ. ಪ್ರತಿ ಸಲವೂ ನಾನು ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಪ್ರತಿ ಸಲವೂ ನನ್ನ ಕಾಲಡಿಯ ಕಲ್ಲು ಕದಲುತ್ತದೆ, ನಾನು ಹೊಟ್ಟೆಯ ಮೇಲೆ ಬೀಳುತ್ತೇನೆ, ಅವನ ಹೆಸರು ಕೂಗುತ್ತೇನೆ, ಕೆಳಗಿನಿಂದ ತಣ್ಣನೆಯ ಗಾಳಿ ಮಾತ್ರ ಮುಖಕ್ಕೆ ಬಡಿಯುತ್ತದೆ. ನನ್ನ ಸಾಲೆಯ ಹುಡುಗರು ಸುರಂಗಬಾವಿಯ ಕಡೆ ಆಡಲು ಹೋದರೆಂದು ಕೇಳಿದರೆ ಪಾಠ ಬಿಟ್ಟು ಓಡಿದವನು ನಾನು. ಅವರು ನನಗೆ ಹುಚ್ಚೆಂದು ನಕ್ಕರು.

ನನ್ನ ಕೂಗು ಕೇಳಿ ಆಚೆಯ ಮಗ್ಗುಲಿನಿಂದ ಕುರಿಗಾರರು ಬಂದರು. ಮುದುಕನೊಬ್ಬ ನನ್ನ ಸೊಂಟಕ್ಕೆ ಕಂಬಳಿ ಕಟ್ಟಿ ಹಿಂದಕ್ಕೆ ಎಳೆದ. “ಸರೀರಿ, ಸರೀರಿ ಈ ಕಡಿ! ಇಡೀ ಪೊಳ್ಳ ಅದ ಇದು. ನಮ್ಮ ಕುರಿ ಬಿದ್ದು ಹೋಗ್ಯಾವ ಅಲ್ಲಿ. ಅದಕ್ಕೇ ಕಲ್ಲ ಒಟ್ಟೀವ್ರಿ, ಈ ಕಡಿ ಯಾರೂ ಬರಬಾರದಂತ.”

ಮುದುಕ ಅದನ್ನು ಹೇಳುತ್ತಲೇ ಅಳುತ್ತಿದ್ದ. ಅವರ ಗುಪ್ಪೆಗಳು ಹತ್ತಿರ ಬರಬೇಡ ಎನ್ನುತ್ತಿದ್ದವು. ಬೀದರಿನ ನಮ್ಮ ಕಣ್ಣಿಗೆ ಅವು ಬಾ, ನೀರಿದೆ ಎಂದವು.

ಹಗ್ಗಗಳನ್ನು ಜೋಡಿಸಿ ಒಬ್ಬ ಗಟ್ಟಿಗ ಕೆಳಗಿಳಿದ. ಗೆಳೆಯನನ್ನು ಮೇಲೆ ತಂದಾಗ ಉಸಿರು ಇರಲಿಲ್ಲ. ಮುಖಕ್ಕೆ ಏನೂ ಆಗಿರಲಿಲ್ಲ. ಕೆಂಪು ಧೂಳು ಹತ್ತಿ, ಹೋಳಿಯಾಡಿ ಬಂದವನ ಹಾಗೆ ಕಾಣುತ್ತಿದ್ದ.

ಬಂಡಿ ಭಾಲ್ಕಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಅತ್ತಳು, ಎಲ್ಲರೂ ಅಳುವ ಹಾಗೆ. ಓಣಿಯವರು ಮಣ್ಣು ಮಾಡಿ ಬಂದರು. ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹೋದರು. ನಾನು ಗೋಡೆಗೆ ಒರಗಿ ಕುಳಿತೇ ಇದ್ದೆ. ಗಂಟು ನನ್ನ ಹೆಗಲಲ್ಲೇ ಇತ್ತು, ನನಗೆ ಅದರ ನೆನಪಿರಲಿಲ್ಲ. ಒಲೆಯ ಮುಂದಿನ ನೆಲದಲ್ಲಿ ಇದ್ದಿಲಿನ ಗುಡ್ಡ ಇನ್ನೂ ಇತ್ತು. ಅವಳು ಅದನ್ನು ಒರೆಸಿರಲಿಲ್ಲ.

“ಮ್ಯಾಲ ಹೋಗಿದ್ರೇನು?” ಎಂದಳು.

“ಇಲ್ಲರಿ ಅಕ್ಕಾ. ಇನ್ನ ಸ್ವಲ್ಪ ಇತ್ತು.”

“ಹಂಗಾದ್ರ ಹುಣಸಿಮರ ಕಂಡಿರಲಿಕ್ಕಿಲ್ಲ ಅವಗ.”

“ಇಲ್ಲರಿ.”

“ನಿನಗ?”

ನಾನು ತಲೆ ಅಲ್ಲಾಡಿಸಿದೆ. ಕಂಡಿತು ಎಂದು ಸುಳ್ಳು ಹೇಳಬಹುದಿತ್ತು.

ಅವಳು ಹತ್ತಿರ ಬಂದು ಗಂಟನ್ನು ನನ್ನ ಹೆಗಲಿನಿಂದ ತೆಗೆದಳು. ಅವನು ಬಿಗಿದ ಗಂಟು ಬಿಚ್ಚಲು ಅವಳಿಗೆ ಹೊತ್ತು ಹಿಡಿಯಿತು. ಹಲ್ಲಿನಿಂದ ಎಳೆದು ಬಿಚ್ಚಿದಳು. ರೊಟ್ಟಿ ಎಲ್ಲೂ ಮುರಿಯದೆ, ದುಂಡಗೆ ಹಾಗೇ ಇತ್ತು. ಅದನ್ನು ಅಂಗೈಯಲ್ಲಿ ಹಿಡಿದು ತುಂಬಾ ಹೊತ್ತು ನೋಡಿದಳು. ಆಮೇಲೆ ಮುರಿದಳು. ಆ ಸದ್ದಿಗೆ ನಾನು ಬೆಚ್ಚಿದ್ದನ್ನು ಅವಳು ನೋಡಿದಳು.

ಅರ್ಧವನ್ನು ನನ್ನ ಕೈಯಲ್ಲಿ ಇಟ್ಟಳು.

“ಇದು ಕಾದವ್ರು ತಿನ್ನೂದ್ರಿ ಅಕ್ಕಾ,” ಎಂದೆ.

“ಖರೆ. ನಿನಗೂ ನಾ ಕಾದೀನಿ, ನೀನೂ ಈ ಮನಿಯವನೇ,” ಎಂದಳು. “ತಿನ್ನು.”

ಇಬ್ಬರೂ ಆರಿದ ಒಲೆಯ ಮುಂದೆ ಕುಳಿತು, ನೀರಿನಲ್ಲಿ ಅದ್ದಿಕೊಂಡು, ಅದನ್ನು ತಿಂದೆವು.