ಅಪವರ್ತನ ಸಿಗದ ಸಂಖ್ಯೆ

ನನ್ನ ಗಂಡ ಕೆಲಸ ಕಳೆದುಕೊಂಡ ವರ್ಷ ಒಂದು ಸಂಖ್ಯೆಯ ಹಿಂದೆ ಬಿದ್ದರು. ಸಿ.ವಿ. ರಾಮನ್ ನಗರದ ನಮ್ಮ ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರದ ಟೆಕ್ ಪಾರ್ಕಿನಲ್ಲಿ ಅವರ ಆಫೀಸಿತ್ತು. ಐವತ್ತು ದಾಟಿದವರನ್ನು ಮತ್ತೆ ಯಾರು ಕರೆಯುತ್ತಾರೆ? ಇಂಟರ್‌ವ್ಯೂಗಳು ನಿಂತವು, ಗೆಳೆಯರ ಫೋನು ನಿಂತಿತು, ಕೊನೆಗೆ ಗಡ್ಡ ಹೆರೆದುಕೊಳ್ಳುವುದೂ ನಿಂತಿತು. ಆಗ ಈ ಸಂಖ್ಯೆ ಬಂತು. ಎರಡನ್ನು ಎರಡರಿಂದಲೇ ಸಾವಿರಕ್ಕೂ ಹೆಚ್ಚು ಸಲ ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಸಿಗುವಂಥದ್ದು. ಬರೆದರೆ ಸಾಲುಗಟ್ಟಲೆ ಅಂಕಿ. ಅದು ಅವಿಭಾಜ್ಯ, ಒಂದು ಮತ್ತು ತಾನು ಬಿಟ್ಟರೆ ಬೇರೆ ಯಾವುದರಿಂದಲೂ ಭಾಗವಾಗದ್ದು ಎಂದು ಅವರು ನಂಬಿದರು.

ನಾನು ಲಿಂಗರಾಜಪುರದ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಒಂದು ಸಂಜೆ ಮನೆಗೆ ಬಂದರೆ ಟೇಬಲ್ ತುಂಬ ರಸೆಲ್ ಮಾರ್ಕೆಟ್ಟಿನ ಹಣ್ಣು. ಅವರು ಗಡ್ಡ ತೆಗೆದು ಇಸ್ತ್ರಿ ಶರ್ಟು ಹಾಕಿಕೊಂಡು ಕೂತಿದ್ದರು. ಕೆಲಸ ಸಿಕ್ಕಿತು ಅಂದುಕೊಂಡು ನನ್ನ ಜೀವ ತಣ್ಣಗಾಯಿತು.

"ಪಾಸಾಯ್ತು ಕಣೇ. ಶೇಷ ಒಂದೇ ಬಂತು. ನೀನೂ ಒಂದ್ಸಲ ನೋಡ್ಬಿಡು, ಆಮೇಲೆ ಎಲ್ರಿಗೂ ಹೇಳೋಣ" ಎಂದರು.

ಅವರು ಮಾಡಿದ್ದ ಪರೀಕ್ಷೆ ಹಳೆಯದು. ಒಂದು ಚಿಕ್ಕ ಸಂಖ್ಯೆಯನ್ನು ತೆಗೆದುಕೊಂಡು ಅದರ ಒಂದು ದೊಡ್ಡ ಘಾತವನ್ನು ನಮ್ಮ ಸಂಖ್ಯೆಯಿಂದ ಭಾಗಿಸಬೇಕು. ನಮ್ಮದು ಅವಿಭಾಜ್ಯವಾಗಿದ್ದರೆ ಶೇಷ ಒಂದು ಬರಲೇಬೇಕು. ಅವರು ತೆಗೆದುಕೊಂಡ ಚಿಕ್ಕ ಸಂಖ್ಯೆ ಎರಡು. ಆದರೆ ಹೀಗೆ ಎರಡರಿಂದಲೇ ಹುಟ್ಟಿದ, ಅವರು ಆರಿಸಿದಂಥ ಸಂಖ್ಯೆಗಳು ಎರಡರ ಪರೀಕ್ಷೆಯಲ್ಲಿ ಯಾವಾಗಲೂ ಪಾಸಾಗುತ್ತವೆ, ಅವಿಭಾಜ್ಯವಾಗಿರಲಿ, ಇಲ್ಲದಿರಲಿ. ಹುಡುಗ ಹೇಗೆ ಎಂದು ಹುಡುಗನ ತಾಯಿಯನ್ನೇ ವಿಚಾರಿಸಿದ ಹಾಗೆ. ಇದು ನನಗೆ ಕೂಡಲೇ ಹೊಳೆಯಿತು. ಅವರ ಎದುರಿಗೇ ಕೂತು, ಅವರ ಕಂಪ್ಯೂಟರಿನಲ್ಲೇ ಎರಡರ ಬದಲು ಮೂರನ್ನು ಹಾಕಿ ನೋಡಿದೆ. ಶೇಷ ಒಂದು ಬರಲಿಲ್ಲ.

"ಇದು ಒಡೆಯುತ್ತೆ ರೀ."

"ಯಾವುದ್ರಿಂದ?"

"ಅದು ಗೊತ್ತಿಲ್ಲ."

"ಗೊತ್ತಿಲ್ದೆ ಹೆಂಗ್ ಹೇಳ್ತೀಯಾ? ಎರಡು ಸಂಖ್ಯೆ ಗುಣಿಸಿದ್ರೆ ಇದು ಬರುತ್ತೆ ಅಂದ್ರೆ, ಆ ಎರಡು ತೋರ್ಸು."

ತೋರಿಸಲು ಆಗುವುದಿಲ್ಲ. ಇಂಥ ಸಂಖ್ಯೆಯ ದರಿದ್ರ ಗುಣವೇ ಅದು. ಒಡೆಯುತ್ತದೆ ಎಂದು ಕ್ಷಣದಲ್ಲಿ ಸಾಧಿಸಬಹುದು, ಎಲ್ಲಿ ಎಂದು ಮಾತ್ರ ಹೇಳಲಾಗದು. ಈ ಸಂಖ್ಯೆ ಒಡೆಯುತ್ತದೆ ಎಂಬುದು ಬಲ್ಲವರಿಗೆ ಎಂದೋ ಗೊತ್ತಿತ್ತು. ಅಂಥವರಿಗೂ ಅದರ ಒಂದು ಅಪವರ್ತನ, ಅದನ್ನು ಶೇಷವಿಲ್ಲದೆ ಭಾಗಿಸುವ ಒಂದು ಸಂಖ್ಯೆ, ಸಿಕ್ಕಿರಲಿಲ್ಲ. ಕ್ಲಾಸಿನಲ್ಲಿ ಇದನ್ನು ಗಣಿತದ ಸೊಗಸು ಎಂದು ಹೇಳುತ್ತಿದ್ದವಳು ನಾನೇ. ಆ ಸಂಜೆ ಅದರ ಮೇಲೆ ಅಸಹ್ಯ ಬಂತು. ಯಾವುದಾದರೂ ಒಂದು ಅಪವರ್ತನ ಕೈಗೆ ಸಿಕ್ಕಿದ್ದರೆ ಅವರು ಒಂದು ದಿನ ಅತ್ತು ಎದ್ದುಬಿಡುತ್ತಿದ್ದರು.

ಅವರು ಎಂಜಿನಿಯರ್. ಅದು ಒಡೆಯುತ್ತದೆ ಎಂಬುದಕ್ಕೆ ನಾನು ಬರೆದುಕೊಟ್ಟ ಸಾಧನೆಯನ್ನು ಕೂತು ಓದಿದರು, ತಪ್ಪಿಲ್ಲ ಎಂದು ಒಪ್ಪಿದರು. ಮಾರನೆಯ ಬೆಳಿಗ್ಗೆಯಿಂದ, ಅಪವರ್ತನ ಸಿಗುವ ತನಕ ಒಂದೊಂದೇ ಸಂಖ್ಯೆಯಿಂದ ಭಾಗಿಸಿ ನೋಡಲು ಕಂಪ್ಯೂಟರನ್ನು ಹಚ್ಚಿದರು. ಹಣ್ಣು ಕೊಳೆಯಿತು, ಗಡ್ಡ ಮತ್ತೆ ಬೆಳೆಯಿತು. ಈ ದಾರಿಯಲ್ಲಿ ಹೋದರೆ ಸೂರ್ಯ ಆರಿಹೋದರೂ ಹುಡುಕಾಟ ಮುಗಿಯುವುದಿಲ್ಲ ಎಂದು ಲೆಕ್ಕ ಹಾಕಿ ಹೇಳಿದೆ, ಕೋಪದಿಂದಲೇ ಹೇಳಿದೆ. "ಗೊತ್ತು" ಎಂದರು, ಅಷ್ಟೇ.

ಕಳೆದ ತಿಂಗಳು ನನ್ನ ಸಹೋದ್ಯೋಗಿಯೊಬ್ಬರು ಹಲಸೂರಿನ ಒಂದು ಕೋಚಿಂಗ್ ಸೆಂಟರಿನಲ್ಲಿ ಪಾಠಕ್ಕೆ ಜನ ಬೇಕಂತೆ ಎಂದರು. ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಗಂಡನಿಗೆ ಹೇಗೆ ಹೇಳಲಿ ಎಂದು ಯೋಚಿಸಿದೆ. ಮನೆಗೆ ಬಂದು ನೇರವಾಗಿಯೇ ಹೇಳಿದೆ.

ಅವರು ಪರದೆಯಿಂದ ಕಣ್ಣು ತೆಗೆದು, ಬಹಳ ದಿನಗಳ ಮೇಲೆ, ನನ್ನನ್ನು ನೋಡಿ ನಕ್ಕರು.

"ಹೋಗ್ತೀನಿ ಕಣೇ. ಅಪವರ್ತನ ಸಿಗ್ಲಿ, ಸಿಕ್ಕಿದ್ ದಿನಾನೇ ಹೋಗ್ತೀನಿ."

ಅದು ಯಾವಾಗ ಸಿಗುತ್ತದೆ ಎಂಬ ಲೆಕ್ಕ ನಾನೇ ಕೊಟ್ಟದ್ದು. ಅವರು ಅದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದರು. ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ.